ಕುಪ್ಪಳಿಯ ಮನೆಯೂ ಕಾದಂಬರಿಯ ಮನೆಯೂ

ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ ಕುವೆಂಪುರವರು (೧೯೦೪–೧೯೯೪) ಬಾಲ್ಯವನ್ನು ಕಳೆದ ಒಕ್ಕಲುಮನೆಯು ಜೀರ್ಣೋದ್ಧಾರವಾಗಿ ‘ಕವಿಮನೆ’ಯೆಂಬ ಹೆಸರಿನಿಂದ ರಕ್ಷಿತವಾಗಿರುವುದು ವಾಚಕರಿಗೆ ವಿದಿತವಾದುದೇ. ನಡುವೆ ತೆರೆದ ತೊಟ್ಟಿ, ಸುತ್ತಲೂ ಅಂಕಣಗಳು, ಮರದ ಕಂಬಗಳು, ಮೇಲೆ ಉಪ್ಪರಿಗೆ, ಹಂಚಿನ ಇಳಿಜಾರು ಮಾಡು—ಇದು ಅದರ ಸ್ಥೂಲರೂಪ. ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಸರ್ವತೋಭದ್ರ, ನಂದ್ಯಾವರ್ತ ಮೊದಲಾಗಿ ವಿಭಾಗಿಸಿದ ಚತುಃಶಾಲೆಗಳ ಜಾತಿಗೆ ಇದನ್ನು ಸೇರಿಸಬಹುದು. ಕೃಷ್ಣರಾಜಪೇಟೆಯ ಕಡೆಯ ತೊಟ್ಟಿಮನೆಗಳೂ ಈ ಜಾತಿಯವೇ. ಆದರೆ ಕಡಿದಾದ ಮಾಡು ಮಾತ್ರ ಶಾಸ್ತ್ರದಿಂದ ಬಂದುದಲ್ಲ, ಮಲೆನಾಡಿನ ಮಳೆಯಿಂದ ಬಂದುದು.

ಈ ಮನೆಯನ್ನು ನೋಡಿದವರು ‘ಕಾನೂರು ಹೆಗ್ಗಡಿತಿ’ (೧೯೩೬), ‘ಮಲೆಗಳಲ್ಲಿ ಮದುಮಗಳು’ (೧೯೬೭) ಎಂಬ ಕಾದಂಬರಿಗಳ ಮನೆಗಳನ್ನೇ ಕಂಡೆವೆಂದು ಹೇಳುವುದುಂಟು. ಈ ಮಾತು ಅರ್ಧಸತ್ಯ. ಜಗಲಿ, ತೊಟ್ಟಿ, ಅಡುಗೆಮನೆ ಎಂಬ ಶಬ್ದಗಳ ವಾಚ್ಯಾರ್ಥವು ಇಲ್ಲಿ ಪ್ರತ್ಯಕ್ಷವಾಗುವುದು; ಅಧ್ಯಾಪಕರಿಗೆ ಇದೇ ದೊಡ್ಡ ಉಪಕಾರ. ಕಾದಂಬರಿಯಲ್ಲಾದರೋ ಆ ಶಬ್ದಗಳಿಗೆ ವ್ಯಂಗ್ಯಾರ್ಥವೂ ಉಂಟು. ಯಾರು ಜಗಲಿಯನ್ನೇರಬಹುದು, ಯಾರು ಅಂಗಳದಲ್ಲಿಯೇ ನಿಲ್ಲಬೇಕು, ಯಾರ ಬಾಳು ಒಳಗಿನ ಹೊಗೆಯಲ್ಲಿ ಸವೆಯಬೇಕು ಎಂಬ ನಿರ್ಣಯವನ್ನು ಅಲ್ಲಿ ಹೊಸ್ತಿಲುಗಳೇ ಮಾಡುವುವು. ನಾಯಿಗುತ್ತಿಯು ಕಥೆಯೊಳಗೆ ಎಷ್ಟು ಮುಖ್ಯನಾದರೂ ಗೌಡರ ಮನೆಯೊಳಗೆ ಅವನಿಗೆ ಸ್ಥಳವಿಲ್ಲ.

ಇಂದು ಕವಿಮನೆಯ ಹೊಸ್ತಿಲನ್ನು ಎಲ್ಲರೂ ದಾಟುವರು. ಇದು ಸಂತೋಷದ ವಿಷಯ. ಆದರೆ ಸುಲಭವಾಗಿ ದಾಟಿದವನಿಗೆ ಅದರ ಹಿಂದಿನ ಕಾಠಿನ್ಯವು ತೋರದು. ಪಾತ್ರೆಪರಡಿಗಳನ್ನೂ ಕಂಬಗಳನ್ನೂ ಕಂಡು ಮೆಚ್ಚಿ ಹಿಂದಿರುಗುವನು. ಆದುದರಿಂದ ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ಯುವ ಅಧ್ಯಾಪಕರು ಮೊದಲು ಕಾದಂಬರಿಯನ್ನು ಓದಿಸಿ ಅನಂತರ ಮನೆಯನ್ನು ತೋರಿಸುವುದು ಯುಕ್ತವೆಂದು ನಮ್ಮ ಅಭಿಪ್ರಾಯ.