ಪೇತ್ರನ ಪಾದ

ಪವಿತ್ರ ಗುರುವಾರದ ಸಂಜೆ ಶಿವಮೊಗ್ಗದ ಸೇಕ್ರೆಡ್ ಹಾರ್ಟ್ ಕೆಥೆಡ್ರಲ್‌ನಂಥ ಲ್ಯಾಟಿನ್ ವಿಧಿಯ ದೇವಾಲಯಗಳಲ್ಲಿ ನಡೆಯುವ ಬಲಿಪೂಜೆಗೆ ಬೇರೆಯದೇ ಸೊಗಸು. ಯೇಸು ರೊಟ್ಟಿ ಮುರಿದು ಹಂಚಿದ ರಾತ್ರಿಯ ನೆನಪು ಅದು. ಆದರೆ ಅಂದು ಓದುವ ಸುವಾರ್ತೆಯಲ್ಲಿ ರೊಟ್ಟಿ ಹಂಚಿದ ಪ್ರಸಂಗವೇ ಬರುವುದಿಲ್ಲ. ಅದನ್ನು ಪೌಲನ ಪತ್ರ ಮೊದಲೇ ಹೇಳಿ ಮುಗಿಸಿರುತ್ತದೆ. ಯೊವಾನ್ನನ 13ನೇ ಅಧ್ಯಾಯ ಹೇಳುವುದು ಬೋಗುಣಿ, ನೀರು, ಸೊಂಟಕ್ಕೆ ಸುತ್ತಿದ ವಸ್ತ್ರದ ಕಥೆ. ಪ್ರಬೋಧನೆಯಾದ ಮೇಲೆ ಗುರುಗಳು ಹೊರವಸ್ತ್ರ ಕಳಚಿಟ್ಟು, ಬಾಗಿ, ಸಾಲಾಗಿ ಕೂತವರ ಪಾದಕ್ಕೆ ನೀರು ಹೊಯ್ದು ಒರೆಸುತ್ತಾರೆ. ಎಷ್ಟು ನೋಡಿದರೂ ತಣಿಯದ ದೃಶ್ಯ. ಎಲ್ಲರೂ ಬಾಗಿದ ಗುರುಗಳನ್ನು ನೋಡುತ್ತಾರೆ. ನನ್ನ ಕಣ್ಣು ಹೋಗುವುದು ಕೂತವರ ಸಂಕೋಚದ ಮೇಲೆ. ಮನೆಯಲ್ಲೇ ತಿಕ್ಕಿ ತೊಳೆದುಕೊಂಡು ಬರುವವರೂ ಉಂಟು. ಕೊಳೆಯ ಕಾಲನ್ನು ಯಾರ ಮುಂದೆ ಚಾಚುವುದು!

ಪೇತ್ರನಿಗೂ ಅದೇ ಕಷ್ಟ. ಗುರು ತನ್ನ ಕಾಲು ಮುಟ್ಟುವುದನ್ನು ಅವನು ಒಪ್ಪಲಿಲ್ಲ. ತೊಳೆಸಿಕೊಳ್ಳದಿದ್ದರೆ ನನ್ನೊಂದಿಗೆ ನಿನಗೆ ಪಾಲಿಲ್ಲವೆಂದು ಯೇಸು ಹೇಳಿದ ಮೇಲಷ್ಟೇ ಮಣಿದ. ಹೀಗೇ ನೀವೂ ಒಬ್ಬರ ಕಾಲನ್ನೊಬ್ಬರು ತೊಳೆಯಿರಿ ಎಂಬ ಮಾತು ಬಂದದ್ದು ಆಮೇಲೆ. ವಿಶ್ವಾಸದಿಂದ ರಕ್ಷಣೆಯೋ, ಸತ್ಕ್ರಿಯೆಯಿಂದಲೋ ಎಂಬ ದೊಡ್ಡ ಜಗಳದ ಉತ್ತರ, ಮೊದಲು ತೊಳೆಸಿಕೊಳ್ಳುವುದು ಆಮೇಲೆ ತೊಳೆಯುವುದು ಎಂಬ ಈ ಹಿಂದುಮುಂದಿನಲ್ಲೇ ಇದೆ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಲೂಥರ್ ವಿಶ್ವಾಸವೊಂದೇ ಸಾಕೆಂದ. ಕ್ರಿಯೆಯನ್ನು ಎತ್ತಿ ಹಿಡಿದ ಯಾಕೋಬನ ಪತ್ರವನ್ನು ಹುಲ್ಲಿಗೆ ಹೋಲಿಸಿದ. 1547ರಲ್ಲಿ ಟ್ರೆಂಟ್ ಮಹಾಸಭೆ ಆ ‘ಒಂದೇ’ಯನ್ನು ತಳ್ಳಿಹಾಕಿತು. 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್‌ನಲ್ಲಿ ಲೂಥರನ್ನರೂ ಕಥೋಲಿಕರೂ ಜೊತೆಯಾಗಿ ಸಹಿ ಹಾಕಿದರು: ದೇವರು ನಮ್ಮನ್ನು ಸ್ವೀಕರಿಸುವುದು ಕೃಪೆಯಿಂದ, ನಮ್ಮ ಪುಣ್ಯದ ಲೆಕ್ಕದಿಂದಲ್ಲ, ಸತ್ಕ್ರಿಯೆ ಆ ಕೃಪೆಯ ಫಲ. 2006ರಲ್ಲಿ ಮೆಥಡಿಸ್ಟರೂ ಸೇರಿದರು. ಹಳೆಯ ಮೈಸೂರು ಸೀಮೆಯಲ್ಲಿ ದುಡಿದ ವೆಸ್ಲಿಯನ್ ಮಿಷನ್ ಅವರದೇ ಪರಂಪರೆ.

ಪವಿತ್ರ ಗುರುವಾರಕ್ಕೆ ಭದ್ರಾವತಿಯದು ಇನ್ನೊಂದು ರುಚಿ. 2007ರಲ್ಲಿ ಸ್ಥಾಪನೆಯಾದ ಅಲ್ಲಿನ ಸೀರೋ-ಮಲಬಾರ್ ಧರ್ಮಪ್ರಾಂತ್ಯದ ಜನ ಕೇರಳ ಮೂಲದವರು. ಆ ಪರಂಪರೆಯ ಮನೆಗಳಲ್ಲಿ ಅದೇ ಗುರುವಾರ ಪೆಸಹಾ ಅಪ್ಪಂ ಬೇಯುತ್ತದೆ: ಹುಳಿ ಬರಿಸದ ಅಕ್ಕಿ-ಉದ್ದಿನ ಹಿಟ್ಟು, ಮೇಲೆ ಗರಿಗಳ ಭಾನುವಾರ ತಂದ ಎಲೆಯ ಪುಟ್ಟ ಶಿಲುಬೆ. ಮನೆಯ ಹಿರಿಯರು ಪ್ರಾರ್ಥಿಸಿ ಮುರಿದು, ಬೆಲ್ಲ ಹಾಕಿದ ತೆಂಗಿನಹಾಲಿನ ಜೊತೆ ಕೊಡುತ್ತಾರೆ. ಸಪ್ಪೆ ಅಪ್ಪಂ ಆ ಹಾಲನ್ನು ಹೀರಿಕೊಂಡಾಗಲೇ ಅದರ ಹದ.

ಆ ವರ್ಷ ಸಾವು ಕಂಡ ಮನೆಯಲ್ಲಿ ಅಪ್ಪಂ ಮಾಡುವಂತಿಲ್ಲ. ಹಾಗೆಂದು ಅವರಿಗೆ ಪೆಸಹಾ ತಪ್ಪುವುದೂ ಇಲ್ಲ. ನೆಂಟರು, ನೆರೆಯವರು ತಮ್ಮ ಮನೆಯದನ್ನು ತಂದುಕೊಡುತ್ತಾರೆ. ಕೈಯಾರೆ ಏನೂ ಮಾಡದವರಿಗೂ ಪೂರ್ತಿ ಪಾಲು ಸಿಗುವ ಈ ಪದ್ಧತಿ, ನಾನು ಬಲ್ಲ ಹಬ್ಬದಡುಗೆಯ ಕಟ್ಟಳೆಗಳಲ್ಲೆಲ್ಲ ಅತ್ಯಂತ ಸುಂದರವಾದದ್ದು.