ಕುದಿಬಿಂದುವಿನ ಪಾಠ ಎಲ್ಲಿ ತಪ್ಪುತ್ತದೆ?

ಆಸವನದ ಪಾಠವನ್ನು ನಾವು ಸಾಮಾನ್ಯವಾಗಿ ಹೀಗೆ ಹೇಳುತ್ತೇವೆ: ಎಥನಾಲ್ 78 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ, ನೀರು 100ರಲ್ಲಿ. ಇವೆರಡರ ಮಿಶ್ರಣವನ್ನು ಕಾಯಿಸಿದರೆ 78ರಲ್ಲಿ ಎಥನಾಲ್ ಆವಿಯಾಗಿ ಹೊರಬರುತ್ತದೆ, ನೀರು ಪಾತ್ರೆಯಲ್ಲಿ ಉಳಿಯುತ್ತದೆ. ನಾನೂ ಹಲವು ವರ್ಷ ಹೀಗೆಯೇ ಪಾಠ ಮಾಡಿದ್ದೇನೆ. ಈ ವಿವರಣೆ ಸುಲಭವಾಗಿದೆ, ಆದರೆ ಸರಿಯಾಗಿಲ್ಲ. ಅದನ್ನು ನಂಬುವುದರಿಂದ ಆಗುವ ಹಾನಿ ಪರೀಕ್ಷೆಯ ಅಂಕಗಳಿಗಷ್ಟೇ ಸೀಮಿತವೂ ಅಲ್ಲ.

ಮೊದಲು ವಾಸ್ತವವನ್ನು ನೋಡೋಣ. ಹುದುಗಿದ ರಸದಲ್ಲಿ ತೂಕದ ಲೆಕ್ಕದಲ್ಲಿ ಶೇ. 10 ಎಥನಾಲ್ ಇದೆ ಎನ್ನಿ. ಅದು ಕುದಿಯುವುದು ಸುಮಾರು 92 ಡಿಗ್ರಿಯಲ್ಲಿ. ಕುದಿಯುವುದು ಎಥನಾಲ್ ಒಂದೇ ಅಲ್ಲ, ಇಡೀ ಮಿಶ್ರಣ. ಮೇಲೇಳುವ ಆವಿಯಲ್ಲಿ ಹೆಚ್ಚುಕಡಿಮೆ ಅರ್ಧ ಎಥನಾಲ್, ಉಳಿದರ್ಧ ನೀರು. ಆ ಆವಿಯನ್ನು ತಣಿಸಿ ಮತ್ತೆ ಕಾಯಿಸಿದರೆ ಎಥನಾಲ್‌ನ ಪಾಲು ಇನ್ನಷ್ಟು ಏರುತ್ತದೆ. ಎಷ್ಟು ಬಾರಿ ಹೀಗೆ ಮಾಡಿದರೂ ಸಾಮಾನ್ಯ ಒತ್ತಡದಲ್ಲಿ ಶೇ. 95.6ರ ಬಳಿ ಏರಿಕೆ ನಿಲ್ಲುತ್ತದೆ. ಅಲ್ಲಿ ದ್ರವದ ಮತ್ತು ಆವಿಯ ಸಂಯೋಜನೆ ಒಂದೇ ಆಗಿರುತ್ತದೆ.

ಇನ್ನೊಂದು ಉದಾಹರಣೆ. ಯೀಸ್ಟ್ ಎಥನಾಲ್‌ನ ಜೊತೆಗೆ ಐಸೊಅಮೈಲ್ ಆಲ್ಕೊಹಾಲನ್ನೂ ಅಲ್ಪ ಪ್ರಮಾಣದಲ್ಲಿ ಉತ್ಪಾದಿಸುತ್ತದೆ. ಇದರ ಕುದಿಬಿಂದು 131 ಡಿಗ್ರಿ. ನಮ್ಮ ನಿಯಮ ನಿಜವಾಗಿದ್ದರೆ ಇದು ನೀರಿನ ಜೊತೆ ಹಂಡೆಯಲ್ಲೇ ಉಳಿಯಬೇಕಿತ್ತು. ಆದರೆ ವಿಸ್ಕಿ, ಬ್ರಾಂದಿಗಳಲ್ಲಿ ಇದು ಇದ್ದೇ ಇರುತ್ತದೆ. ಹೈಡ್ರೊಜನ್ ಬಂಧಗಳಿಂದ ಒಂದನ್ನೊಂದು ಹಿಡಿದುಕೊಂಡ ನೀರಿನ ಅಣುಗಳ ನಡುವೆ ಇದರ ಉದ್ದನೆಯ ಕಾರ್ಬನ್ ಸರಪಳಿ ಹೊಂದಿಕೊಳ್ಳದು. ಆದ್ದರಿಂದ ಅದು ಸುಲಭವಾಗಿ ಆವಿಗೆ ದಾಟುತ್ತದೆ. ಅಂದರೆ, ವಸ್ತುವೊಂದು ಎಷ್ಟು ಬೇಗ ಹೊರಬರುತ್ತದೆ ಎಂಬುದನ್ನು ಅದರ ಕುದಿಬಿಂದುವಿನ ಜೊತೆಗೆ ನೆರೆಯ ಅಣುಗಳೂ ನಿರ್ಧರಿಸುತ್ತವೆ.

ರುಚಿಯ ವ್ಯತ್ಯಾಸದ ಮೂಲವೂ ಇಲ್ಲೇ ಇದೆ. ಎಥನಾಲ್ ಮಾತ್ರ ಹೊರಬರುವುದಾದರೆ ಬಾರ್ಲಿ, ದ್ರಾಕ್ಷಿ, ಗೇರುಹಣ್ಣು ಯಾವುದನ್ನು ಬಟ್ಟಿ ಇಳಿಸಿದರೂ ಒಂದೇ ರುಚಿ ಇರಬೇಕಿತ್ತು. ಸ್ಕಾಟ್ಲೆಂಡಿನ ಮಾಲ್ಟ್ ವಿಸ್ಕಿಯನ್ನು ತಾಮ್ರದ ಹಂಡೆಗಳಲ್ಲಿ ಸಾಮಾನ್ಯವಾಗಿ ಎರಡು ಬಾರಿ ಇಳಿಸುತ್ತಾರೆ. ಗಾತ್ರದಲ್ಲಿ ಶೇ. 70ರ ಆಸುಪಾಸಿಗೇ ನಿಲ್ಲಿಸುವುದರಿಂದ ಎಸ್ಟರುಗಳಂಥ ಪರಿಮಳದ ವಸ್ತುಗಳೂ ಜೊತೆಗೆ ಬರುತ್ತವೆ. ದುರ್ವಾಸನೆಯ ಗಂಧಕದ ಸಂಯುಕ್ತಗಳನ್ನು ತಾಮ್ರ ಕಡಿಮೆ ಮಾಡುತ್ತದೆ. ಬಳಿಕ ಕನಿಷ್ಠ 3 ವರ್ಷ ಓಕ್ ಮರದ ಪೀಪಾಯಿಯಲ್ಲಿ ಇಡಬೇಕೆಂಬುದು ಅಲ್ಲಿನ ಕಾನೂನು. ಆಗ ಮರದ ಅಂಶಗಳೂ ಸೇರುತ್ತವೆ. ಈನಿಯಸ್ ಕಾಫಿ 1830ರಲ್ಲಿ ಪೇಟೆಂಟ್ ಪಡೆದಂಥ ಗೋಪುರಗಳಲ್ಲಿ ಆವಿ ತಟ್ಟೆಯಿಂದ ತಟ್ಟೆಗೆ ಏರುತ್ತ ಮತ್ತೆ ಮತ್ತೆ ಶುದ್ಧವಾಗುತ್ತದೆ. ಇಂದಿನ ಗೋಪುರಗಳಲ್ಲಿ ವೋಡ್ಕಾಕ್ಕಾಗಿ ಇಳಿಸಿದ ಮದ್ಯಸಾರದಲ್ಲಿ ಮೂಲ ಧಾನ್ಯದ ಗುರುತು ಬಹುಮಟ್ಟಿಗೆ ಅಳಿಸಿಹೋಗಿರುತ್ತದೆ. ನೆರೆಯ ಗೋವಾದಲ್ಲಿ ಸರಳ ಹಂಡೆಯಲ್ಲಿ ಇಳಿಸುವ ಗೇರು ಫೆನಿಯಲ್ಲಿ ಹಣ್ಣಿನ ಕಟುವಾಸನೆ ಹಾಗೇ ಉಳಿಯುತ್ತದೆ. 2009ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು.

ತಪ್ಪು ಪಾಠದ ಅಪಾಯ ಕಾಣುವುದು ಮೆಥನಾಲ್ ವಿಷಯದಲ್ಲಿ. ಅದರ ಕುದಿಬಿಂದು 64.7 ಡಿಗ್ರಿ, ಆದ್ದರಿಂದ ಮೊದಲು ಇಳಿದದ್ದನ್ನು ಚೆಲ್ಲಿದರೆ ಉಳಿದದ್ದು ಸುರಕ್ಷಿತ ಎಂಬ ನಂಬಿಕೆ ಓದಿದವರಲ್ಲೂ ಇದೆ. ಇದು ಸುಳ್ಳು. ಮೆಥನಾಲ್‌ನ ಪುಟ್ಟ ಅಣು ನೀರಿನೊಂದಿಗೆ ಚೆನ್ನಾಗಿ ಹೊಂದಿಕೊಳ್ಳುತ್ತದೆ. ಹೀಗಾಗಿ ನೀರು ಹೆಚ್ಚಿರುವ ದ್ರವದಿಂದ ಅದು ಕೊನೆಯವರೆಗೂ ಸ್ವಲ್ಪಸ್ವಲ್ಪವಾಗಿ ಬರುತ್ತಲೇ ಇರುತ್ತದೆ. ದೇಹದಲ್ಲಿ ಅದು ಫಾರ್ಮಿಕ್ ಆಮ್ಲವಾಗಿ ಮಾರ್ಪಟ್ಟು ದೃಷ್ಟಿಯನ್ನು, ಪ್ರಾಣವನ್ನು ಕಸಿಯುತ್ತದೆ. ಮೆಥನಾಲ್ ಬೆರೆತ ಕಳ್ಳಭಟ್ಟಿಯಿಂದ 2008ರಲ್ಲಿ ಕರ್ನಾಟಕ ಮತ್ತು ತಮಿಳುನಾಡುಗಳಲ್ಲಿ ನೂರಕ್ಕೂ ಹೆಚ್ಚು ಜನ, 2024ರ ಜೂನ್‌ನಲ್ಲಿ ಕಲ್ಲಕುರಿಚಿಯಲ್ಲಿ 60ಕ್ಕೂ ಹೆಚ್ಚು ಜನ ಸತ್ತರು. ಮೂಸಿ ನೋಡಿ ಅದನ್ನು ಪತ್ತೆಹಚ್ಚಲಾಗದು; ಮೊದಲ ಪಾಲನ್ನು ಚೆಲ್ಲಿ ಪಾರಾಗಲೂ ಆಗದು.

ಇದನ್ನು ತಿಳಿಸಲು ತರಗತಿಗೆ ಮದ್ಯ ತರಬೇಕಿಲ್ಲ. ಒಂದು ಹಿಡಿ ನೀಲಗಿರಿ ಎಲೆಯನ್ನು ನೀರಿನಲ್ಲಿ ಕುದಿಸಿ, ಆವಿಯನ್ನು ತಣಿಸಿ ಸಂಗ್ರಹಿಸಿ. ಆ ಎಣ್ಣೆಯ ಮುಖ್ಯ ಅಂಶವಾದ ಸಿನಿಯೋಲ್‌ನ ಕುದಿಬಿಂದು ಸುಮಾರು 176 ಡಿಗ್ರಿ. ಉಷ್ಣತಾಮಾಪಕ 100ನ್ನು ದಾಟುವ ಮೊದಲೇ ನೀಲಗಿರಿಯ ವಾಸನೆ ಇಳಿದು ಬಂದಿರುತ್ತದೆ. ಏಕೆ ಎಂದು ವಿದ್ಯಾರ್ಥಿಗಳು ಕೇಳಲಿ. ಹಳೆಯ ವಾಕ್ಯವನ್ನು ತಿದ್ದಲು ಅದೇ ಸರಿಯಾದ ಸಮಯ.