ಕೆಂಪು ಶಾಯಿ, ಕೋವಿ ಲೈಸೆನ್ಸು: ಕಾನೂನಿನ ಕೆಲವು ಸಾಲಿಗೆ ಟೀಕೆ

ಶಿವಮೊಗ್ಗದ ಡಿಸಿ ಆಫೀಸಿಗೆ ಕೋವಿ ಲೈಸೆನ್ಸು ಕೇಳಿಕೊಂಡು ಬರುವವರು ತೋಟದವರು ಮಾತ್ರವಲ್ಲ. ಮಿಲಿಟರಿ ಬಿಟ್ಟು ಬಂದು ಗನ್‌ಮ್ಯಾನ್ ಕೆಲಸ ಹುಡುಕುವವರೂ ಬರುತ್ತಾರೆ. ಅಂಥ ಒಬ್ಬ ಮಾಜಿ ಹವಾಲ್ದಾರರನ್ನು ಊಹಿಸಿಕೊಳ್ಳಿ. ಸಿಪಾಯಿಯಾಗಿದ್ದಾಗ ತಂಗಿಯ ಮದುವೆಗೆಂದು ಊರಿಗೆ ಬಂದು, ರಜೆ ಮುಗಿದು ಒಂಬತ್ತು ದಿನ ಕಳೆದ ಮೇಲೆ ವಾಪಸು ಹೋದರು. ಕಮಾಂಡಿಂಗ್ ಆಫೀಸರ್ 14 ದಿನ ಒಳಗೆ ಹಾಕಿದರು. ಕಂಡಕ್ಟ್ ಶೀಟಿನಲ್ಲಿ ಕೆಂಪು ಶಾಯಿಯ ಒಂದು ಸಾಲು ಕೂತಿತು. ಈಗ ಅವರದು ಒಂದೇ ಚಿಂತೆ: ಆ ಸಾಲು ಕೋವಿಗೆ ಅಡ್ಡ ಬರುತ್ತದೆಯೇ? 1959ರ ಆಯುಧ ಕಾಯ್ದೆಯನ್ನು ಅವರ ಪಕ್ಕದಲ್ಲಿ ಕೂತು ಓದೋಣ. ಸಾಲುಗಳನ್ನು ಆಡುಮಾತಿಗೆ ಇಳಿಸಿದ್ದೇನೆ.

ಕಲಂ 9: ಹಿಂಸೆಯ ಅಥವಾ ನೈತಿಕ ಅಧಃಪತನದ ಅಪರಾಧ ಸಾಬೀತಾಗಿ ಎಷ್ಟೇ ದಿನದ ಸೆರೆವಾಸ ವಿಧಿಸಲ್ಪಟ್ಟವನು, ಆ ಶಿಕ್ಷೆ ಮುಗಿದು ಐದು ವರ್ಷ ಆಗುವ ತನಕ ಕೋವಿ ಇಟ್ಟುಕೊಳ್ಳುವಂತಿಲ್ಲ.

ಹವಾಲ್ದಾರರ ಎದೆ ಹಾರುವುದು ‘ಎಷ್ಟೇ ದಿನದ’ ಎಂಬಲ್ಲಿ. ಹದಿನಾಲ್ಕೂ ಎಷ್ಟೇ ದಿನಗಳಲ್ಲಿ ಒಂದು ತಾನೆ? ಆದರೆ ಸಾಲನ್ನು ತಲೆಯಿಂದ ಓದಬೇಕು, ಬಾಲದಿಂದಲ್ಲ. ಮೊದಲ ಷರತ್ತು ಅಪರಾಧದ ಜಾತಿಯದು. ರಜೆ ಮೀರಿದ್ದು 1950ರ ಸೇನಾ ಕಾಯ್ದೆಯ ಕಲಂ 39ರಲ್ಲಿ ತಪ್ಪೇ ಸರಿ. ಹಾಗೆಂದು ಅದರಲ್ಲಿ ಹಿಂಸೆಯೂ ಇಲ್ಲ, ನೀಚತನವೂ ಇಲ್ಲ. ಎರಡನೆಯದು ‘ಸಾಬೀತಾಗಿ’. ಕಮಾಂಡಿಂಗ್ ಆಫೀಸರ್ ಸೇನಾ ಕಾಯ್ದೆಯ ಕಲಂ 80ರಲ್ಲಿ 28 ದಿನದವರೆಗೆ ಮಿಲಿಟರಿ ಕಸ್ಟಡಿ ಕೊಡಬಹುದು, ಆದರೆ ಅದು ಕೋರ್ಟ್ ಮಾರ್ಷಲ್ ಅಲ್ಲ. ಅದೇ ಮನುಷ್ಯ ಪಕ್ಕದ ಮಂಚದವನ ಟ್ರಂಕಿನಿಂದ ದುಡ್ಡು ಕದ್ದು, ಸಮರಿ ಕೋರ್ಟ್ ಮಾರ್ಷಲ್‌ನಲ್ಲಿ ಮೂರು ತಿಂಗಳ ಸೆರೆವಾಸ ಕಂಡಿದ್ದರೆ ಮಾತೇ ಬೇರೆ. ಆಗ ಐದು ವರ್ಷದ ಲೆಕ್ಕ ಹಾಕಲೇಬೇಕು. ಆ ಲೆಕ್ಕ ಶುರುವಾಗುವುದು ಬಿಡುಗಡೆಯ ದಿನದಿಂದ, ತೀರ್ಪಿನ ದಿನದಿಂದಲ್ಲ.

ಅದೇ ಕಲಂ: ಶಾಂತಿ ಕಾಪಾಡುವೆನೆಂದು ಮುಚ್ಚಳಿಕೆ ಬರೆದುಕೊಡಲು ಆದೇಶವಾದವನಿಗೆ, ಮುಚ್ಚಳಿಕೆಯ ಅವಧಿ ಮುಗಿಯುವವರೆಗೆ ಕೋವಿ ಇಲ್ಲ.

ನಮ್ಮೂರಲ್ಲಿ ಇದಕ್ಕೆ ‘ನೂರಾ ಏಳು’ ಎಂದೇ ಹೆಸರು. 2024ರ ಜುಲೈಯಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಕಲಂ 107ರ ಜಾಗಕ್ಕೆ ಹೊಸ ಸಂಹಿತೆಯ 126 ಬಂದಿದ್ದರೂ ಬಾಯಿಗೆ ಹಳೆಯದೇ ರೂಢಿ. ಸೇನೆಯ ಕೆಂಪು ಸಾಲಿಗಿಂತ ಊರಿನ ಬೇಲಿ ಜಗಳದ ಮುಚ್ಚಳಿಕೆ ಎಷ್ಟೋ ಪಾಲು ನೇರವಾದ ಅಡ್ಡಿ. ಬರೀ ನೋಟಿಸು ಬಂದಿದ್ದರೆ ಸಾಲದು, ಆದೇಶ ಆಗಿರಬೇಕು.

ಕಲಂ 13: ಪೊಲೀಸು ವರದಿ ತರಿಸಿಕೊಳ್ಳಬೇಕು.

ಠಾಣೆಯವರು ನೋಡುವುದು ತಮ್ಮ ರಿಜಿಸ್ಟರು. ಕಂಡಕ್ಟ್ ಶೀಟು ಇರುವುದು ರೆಜಿಮೆಂಟಿನ ರೆಕಾರ್ಡ್ಸ್ ಆಫೀಸಿನಲ್ಲಿ. ಹವಾಲ್ದಾರರ ಕೈಯಲ್ಲಿರುವ ಡಿಸ್ಚಾರ್ಜ್ ಬುಕ್ಕು ನಡತೆಯನ್ನು ಎಕ್ಸೆಂಪ್ಲರಿ, ವೆರಿ ಗುಡ್, ಗುಡ್ ಎಂದು ಒಂದು ಮಾತಿನಲ್ಲಿ ಮುಗಿಸಿರುತ್ತದೆ.

ಕಲಂ 14: ಯಾವುದೇ ಕಾರಣಕ್ಕೆ ಅನರ್ಹನೆಂದು ನಂಬಲು ಆಧಾರವಿದ್ದರೆ ನಿರಾಕರಿಸಬೇಕು.

ಇಡೀ ಕಾಯ್ದೆಯಲ್ಲಿ ಇಷ್ಟು ಅಗಲದ ಬಾಗಿಲು ಇನ್ನೊಂದಿಲ್ಲ. ಕೆಂಪು ಸಾಲು ಒಳಗೆ ಬರುವುದಿದ್ದರೆ ಇಲ್ಲಿಂದಲೇ. ಕುಡಿದು ಸಿಕ್ಕಿಬಿದ್ದದ್ದು ಮೂರು ಸಲ, ಮೇಲಧಿಕಾರಿಯ ಮೇಲೆ ಕೈ ಮಾಡಿದ್ದು ಒಂದು ಸಲ ಎಂದಿದ್ದರೆ ಅಧಿಕಾರಿ ಹಿಂಜರಿಯುವುದು ನ್ಯಾಯವೇ. ಬಂದೂಕಿಗೂ ಆ ಗುಣಕ್ಕೂ ಸಂಬಂಧ ಉಂಟು. ತಡವಾಗಿ ವಾಪಸಾದದ್ದಕ್ಕೆ ಏನು ಸಂಬಂಧ? ನಾಲ್ಕು ಕೆಂಪು ನಮೂದು ಆಯಿತೆಂದು ಎಣಿಸಿ, ವಿಚಾರಣೆಯಿಲ್ಲದೆ ಸೈನಿಕನನ್ನು ಮನೆಗೆ ಕಳಿಸುವುದು ಸರಿಯಲ್ಲವೆಂದು ವೀರೇಂದ್ರ ಕುಮಾರ್ ದುಬೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2015ರಲ್ಲಿ ಸೇನೆಗೇ ಹೇಳಿದೆ. ಅದು ಲೈಸೆನ್ಸಿನ ಪ್ರಕರಣವಲ್ಲ, ನಿಜ. ಆದರೂ ಸೇನೆಯೇ ಬೆರಳು ಮಡಿಚಿ ಎಣಿಸಬಾರದಾದರೆ ಡಿಸಿ ಆಫೀಸು ಎಣಿಸಬಹುದೇ? ನಿರಾಕರಿಸಿದರೆ ಕಾರಣವನ್ನು ಬರೆದಿಡಬೇಕು ಎಂದು ಇದೇ ಕಲಮಿನ ಕೊನೆಯಲ್ಲಿದೆ; ಕೇಳಿದರೆ ಚುಟುಕಾಗಿ ಕೊಡಲೂ ಬೇಕು, ಸಾರ್ವಜನಿಕ ಹಿತಕ್ಕೆ ಧಕ್ಕೆ ಇಲ್ಲದಿದ್ದರೆ. ಕಲಂ 18ರ ಮೇಲ್ಮನವಿ ನಿಲ್ಲುವುದು ಆ ಕಾಗದದ ಮೇಲೆ.

2016ರ ನಿಯಮಗಳು: ಸೇನೆಯಲ್ಲಿ ಇರುವವರು, ಇದ್ದವರು ಜೀವ, ಆಸ್ತಿಯ ರಕ್ಷಣೆಗೆ ನಿಜವಾದ ಅಗತ್ಯ ತೋರಿಸಿದರೆ ಪರಿಗಣಿಸಬಹುದು.

‘ಪರಿಗಣಿಸಬಹುದು’ ಅಷ್ಟೇ. ಪಿಂಚಣಿ ಪುಸ್ತಕ ತೋರಿಸಿದ ಕೂಡಲೇ ಕೋವಿ ಬರುವುದಿಲ್ಲ.

ಕಲಂ 17: ಮುಖ್ಯ ಸಂಗತಿ ಮುಚ್ಚಿಟ್ಟು ಪಡೆದ ಲೈಸೆನ್ಸನ್ನು ರದ್ದು ಮಾಡಬಹುದು.

ಹವಾಲ್ದಾರರು ಭಯಪಡಬೇಕಾದದ್ದು ಇದಕ್ಕೆ. ಅರ್ಜಿ ಕೇಳುವುದು ಅಪರಾಧ ಸಾಬೀತಾಗಿದೆಯೇ ಎಂದು. ಕೋರ್ಟ್ ಮಾರ್ಷಲ್ ಆಗಿದ್ದವರು ‘ಹೌದು’ ಎನ್ನಲೇಬೇಕು. ಸಿವಿಲ್ ಕೋರ್ಟಲ್ಲವಲ್ಲ ಎಂಬ ಜಾಣತನ ನಡೆಯದು. ಸೇನಾ ಕಾಯ್ದೆಯ ಕಲಂ 80ರ ಶಿಕ್ಷೆಯವರು ‘ಇಲ್ಲ’ ಎಂದರೂ ಸುಳ್ಳಾಗದು. ನನ್ನನ್ನು ಕೇಳಿದರೆ, ‘ಇಲ್ಲ’ ಎಂದು ತುಂಬಿ, ಜೊತೆಗೊಂದು ಬಿಳಿ ಹಾಳೆ ಲಗತ್ತಿಸಿ ಎನ್ನುತ್ತೇನೆ: ಇಂಥ ವರ್ಷ, ರಜೆ ಮೀರಿದ್ದು ಒಂಬತ್ತು ದಿನ, ಶಿಕ್ಷೆ 14 ದಿನ, ಕಾರಣ ತಂಗಿಯ ಮದುವೆ. ಕೆಳಗೆ ಸಹಿ, ದಿನಾಂಕ. ಅದನ್ನು ಕೆಂಪಲ್ಲಿ ಬರೆಯಬೇಕಿಲ್ಲ.